ಚಿತ್ತಾ ಮಳೆ ಬಂದರೆ ಗೋಡೆ ಮುಟ್ಟಿ ನೋಡುತ್ತೇನೆ

2022ರ ಅಕ್ಟೋಬರ್. ದಸರಾ ಮುಗಿದು ಸುಮಾರು ಎರಡು ವಾರ ಆಗಿತ್ತು. ಚಿತ್ತಾ ಮಳೆ ಮೈಸೂರಿಗೆ ಬಂದು ಕೂತುಬಿಟ್ಟಿತ್ತು. ಹಗಲೆಲ್ಲ ಮೋಡ, ಸಂಜೆಯಾದರೆ ಧೋ ಅಂತ ಮಳೆ, ರಾತ್ರಿಯಿಡೀ ಮನೆ ನಡುವಿನ ತೆರೆದ ಅಂಗಳದ ತೊಟ್ಟಿಯೊಳಗೆ ನೀರು ಬೀಳುವ ಸದ್ದು. ಒಂದು ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ಬಂದು, "ಅರಮನೆ ಕೋಟೆ ಗೋಡೆ ಬಿದ್ದೋಗಿದೆಯಂತೆ ಕಣೇ" ಅಂದರು. ಕೋಟೆ ಮಾರಮ್ಮನ ಗುಡಿ ಕಡೆಯ ಹೊರಗೋಡೆ. ಸುದ್ದಿ ಕೇಳಿದ ತಕ್ಷಣ ನಾನು ಎದ್ದು ಹೋಗಿ ನಮ್ಮ ನಡುಮನೆ ಗೋಡೆಗೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಒದ್ದೆ ಇತ್ತು. ಬೆರಳು ಒತ್ತಿದರೆ ಸಿಮೆಂಟಿನ ಹಿಂದೆ ಟೊಳ್ಳು ಸದ್ದು.

ಅದೇ ವಾರ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗವೂ ಕುಸಿಯಿತು. ಊರಲ್ಲಿ ಎಲ್ಲರದ್ದೂ ಒಂದೇ ಮಾತು: "ಹಳೇ ಕಟ್ಟಡ, ವಯಸ್ಸಾಯ್ತು, ಬೀಳದೆ ಇನ್ನೇನು?" ನನಗೂ ಅವತ್ತು ಹಾಗೇ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಈ ಮೂರ್ನಾಲ್ಕು ವರ್ಷ ನಮ್ಮ ಮನೆಯನ್ನು ಉಳಿಸಿಕೊಳ್ಳಲು ಓಡಾಡಿದ ಮೇಲೆ, ಬಿದ್ದ ಕಟ್ಟಡಗಳ ಕಥೆಯಲ್ಲಿ ವಯಸ್ಸಿನ ಪಾಲು ಕಡಿಮೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಮಳೆ ಬದಲಾಗಿದೆ, ನಾವು ಗೋಡೆಗೆ ಹಚ್ಚುವ ವಸ್ತು ಬದಲಾಗಿದೆ, ವರ್ಷಕ್ಕೊಂದು ಸಲ ಏಣಿ ಹಾಕಿ ಮೇಲೆ ಹತ್ತಿ ನೋಡುವ ಅಭ್ಯಾಸ ನಿಂತುಹೋಗಿದೆ. ಈ ಮೂರೂ ಒಟ್ಟಿಗೆ ಬಂದಾಗ ಗೋಡೆ ಬೀಳುತ್ತದೆ.

ನಮ್ಮದು ಕೆ.ಆರ್. ಮೊಹಲ್ಲಾದ ತೊಟ್ಟಿ ಮನೆ. ಮುಂದಿನ ಭಾಗಕ್ಕೆ ತಾರಸಿ, ಹಿಂದೆ ತೊಟ್ಟಿಯ ಸುತ್ತ ಹೆಂಚು. ತಾರಸಿ ಅಂದರೆ ಈಗಿನ ಕಾಂಕ್ರೀಟ್ ಮೋಲ್ಡ್ ಅಲ್ಲ. ಹಳೇ ಮದ್ರಾಸ್ ತಾರಸಿ. ತೇಗದ ತೊಲೆ, ತೊಲೆ ಮೇಲೆ ಜಂತೆ ಅನ್ನುವ ಸಣ್ಣ ಅಡ್ಡಮರ, ಜಂತೆ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಸೇರಿಸಿ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ ಪದರ, ಎಲ್ಲಕ್ಕಿಂತ ಮೇಲೆ ಚಪ್ಪಟೆ ಬಿಲ್ಲೆ. ಕಬ್ಬಿಣವಿಲ್ಲ, ಸಿಮೆಂಟ್ ಇಲ್ಲ. ಕೆಳಗೆ ನಿಂತು ತಲೆ ಎತ್ತಿದರೆ ಇಟ್ಟಿಗೆಯ ಓರೆ ಸಾಲು ಕಾಣುತ್ತದೆ. ಮಧ್ಯಾಹ್ನ ಮೂರು ಗಂಟೆ ಬಿಸಿಲಲ್ಲೂ ಆ ಕೋಣೆಯಲ್ಲಿ ಫ್ಯಾನ್ ಇಲ್ಲದೆ ಮಲಗಬಹುದಿತ್ತು. ನಮ್ಮ ಅಜ್ಜಿ ಹಾಗೇ ಮಲಗುತ್ತಿದ್ದರು, ನೆಲದ ಮೇಲೆ, ಬರೀ ಚಾಪೆ ಹಾಕಿಕೊಂಡು.

ಅಜ್ಜಿ ಹೋದ ಮೇಲೆ ತಾರಸಿ ಸೋರಲು ಶುರುವಾಯಿತು. ನಾವು ಒಬ್ಬ ಗುತ್ತಿಗೆದಾರರನ್ನು ಕರೆದೆವು. ಅವರು ಬಂದು ನೋಡಿ, ಹಳೇ ಬಿಲ್ಲೆ ಮೇಲೆಯೇ ಎರಡು ಇಂಚು ಸಿಮೆಂಟ್ ಹಾಕಿಸಿದರು, ಒಳಗೋಡೆಯ ಉದುರುತ್ತಿದ್ದ ಗಾರೆ ಕೆರೆದು ಅಲ್ಲೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು, ಮೇಲೆ ಮಿರಿಮಿರಿ ಮಿಂಚುವ ಎಮಲ್ಷನ್ ಬಣ್ಣ. ಒಂದು ವರ್ಷ ಚೆನ್ನಾಗಿಯೇ ಇತ್ತು. ಎರಡನೇ ವರ್ಷ ಬಣ್ಣ ಗುಳ್ಳೆ ಎದ್ದಿತು. ಮೂರನೇ ವರ್ಷ ಗೋಡೆಯ ಮೇಲೆ ಬಿಳಿ ಉಪ್ಪು. ಜಂತೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಮರ ಮೆತ್ತಗಾಗಿತ್ತು. ಉಗುರು ಒತ್ತಿದರೆ ಒಳಗೆ ಹೋಗುತ್ತಿತ್ತು. ನೂರು ವರ್ಷ ನಿಂತ ತೇಗ!

ಆಮೇಲೆ ಯಾರೋ ಹೇಳಿದರು ಅಂತ ಗಾರೆ ಕೆಲಸ ಗೊತ್ತಿರುವ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಅವರು ಬಂದು ಗೋಡೆ ತಟ್ಟಿ ನೋಡಿ, ಏನೂ ಮಾತಾಡದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೇಳಿದರು: "ನೋಡಕ್ಕಾ, ಒದ್ದೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಸುತ್ತಿದ್ದೀರ. ಒಣಗು ಅಂದ್ರೆ ಹೆಂಗೆ ಒಣಗತ್ತೆ?"

ಇಷ್ಟೇ ವಿಷಯ. ಸುಣ್ಣದ ಗಾರೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಮಳೆಗಾಲದಲ್ಲಿ ಸ್ವಲ್ಪ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಒಳಗೆ ಮಣ್ಣು, ಇಟ್ಟಿಗೆ, ಮರ ಎಲ್ಲವೂ ಈ ಲೆಕ್ಕಕ್ಕೆ ಹೊಂದಿಕೊಂಡಿರುತ್ತವೆ. ಸಿಮೆಂಟ್ ಗಟ್ಟಿ. ಆದರೆ ಹಳೇ ಗೋಡೆ ಬಿಸಿಲು ಚಳಿಗೆ ಸ್ವಲ್ಪ ಅಲ್ಲಾಡುತ್ತದೆ, ಸಿಮೆಂಟ್ ಅದರ ಜೊತೆ ಅಲ್ಲಾಡುವುದಿಲ್ಲ, ಕೂದಲಿನಷ್ಟು ಸಣ್ಣ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ಒಳಗಿನ ಮಣ್ಣು ಉಬ್ಬುತ್ತದೆ, ಮರ ಕೊಳೆಯುತ್ತದೆ, ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಹೊಸದರಂತೆ ಕಾಣುತ್ತಿರುತ್ತದೆ. ಒಂದು ದಿನ ದೊಪ್ಪಂತ ಬೀಳುತ್ತದೆ. ಆಗ ಎಲ್ಲರೂ "ಹಳೇದಾಗಿತ್ತು" ಅನ್ನುತ್ತಾರೆ.

ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ ಅಂತ ಕೇಳಬಹುದು. ನೇರ ಸಂಬಂಧ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಿಟ್ಟದ್ದನ್ನು ಒಂದೇ ಸಲ ಸುರಿಯುತ್ತದೆ. ಮೈಸೂರಿಗೆ ಮಳೆ ಹೊಸದಲ್ಲ. ಮೇ ತಿಂಗಳಲ್ಲಿ ಗುಡುಗು ಮಳೆ, ಅಕ್ಟೋಬರಿನಲ್ಲಿ ಹಿಂಗಾರು, ನಡುವೆ ಮುಂಗಾರಿನ ಜಿಟಿಜಿಟಿ. ನಮ್ಮ ಹಳೇ ಗೋಡೆಗಳಿಗೆ ಗೊತ್ತಿದ್ದದ್ದು ಈ ಲಯ: ಒಂದಿಷ್ಟು ನೆನೆಯುವುದು, ಒಂದಿಷ್ಟು ಒಣಗುವುದು. ಈಗ ಒಣಗಲು ಸಮಯವೇ ಸಿಗದಂತೆ ದಿನಗಟ್ಟಲೆ ಹೊಯ್ಯುತ್ತದೆ, ಇಲ್ಲವಾದರೆ ಪೂರ್ತಿ ಕೈಕೊಡುತ್ತದೆ. 2022ರಲ್ಲಿ ಕೋಟೆ ಗೋಡೆ ಬೀಳಿಸುವಷ್ಟು ಮಳೆ. ಮರುವರ್ಷ, 2023ರಲ್ಲಿ, ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಮಣ್ಣಿನ ಗೋಡೆಗೆ ಇದು ತುಂಬಾ ಕಷ್ಟ. ನೆನೆದಾಗ ಉಬ್ಬುತ್ತದೆ, ವಿಪರೀತ ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಮುಂದಿನ ಮಳೆಗೆ ಆ ಬಿರುಕೇ ದಾರಿ. ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತರೆ ಮುಗಿಯಿತು. ಬೇರು ಕಲ್ಲನ್ನೂ ಸೀಳುತ್ತದೆ.

ಮಾರ್ಕೆಟ್ ವಿಷಯಕ್ಕೆ ಬರುತ್ತೇನೆ. ಮೈಸೂರಿನವರಿಗೆ ಮಾರ್ಕೆಟ್ ಅಂದರೆ ದೇವರಾಜ ಮಾರುಕಟ್ಟೆ. ನಾನು ಚಿಕ್ಕವಳಿದ್ದಾಗಿನಿಂದ ಹೂವಿಗೆ, ವೀಳ್ಯದೆಲೆಗೆ, ನಂಜನಗೂಡು ರಸಬಾಳೆಗೆ, ಈರನಗೆರೆ ಬದನೆಕಾಯಿಗೆ ಅಲ್ಲಿಗೇ ಹೋಗುತ್ತಿರುವುದು. 2016ರ ಆಗಸ್ಟ್ 28ರಂದು ಅದರ ಉತ್ತರ ಭಾಗ ಕುಸಿಯಿತು. ದುರಸ್ತಿ ಕೆಲಸ ನಡೆಯುತ್ತಿರುವಾಗಲೇ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2012ರ ಆಗಸ್ಟ್‌ನಲ್ಲಿ, ಹತ್ತಿರದಲ್ಲೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ತೀರಿಕೊಂಡರು. ಹಳೇ ಪುಸ್ತಕದ ಅಂಗಡಿಗಳಿದ್ದ ಕಟ್ಟಡ. ಕಾಲೇಜಿನ ದಿನಗಳಲ್ಲಿ ನಾವೆಲ್ಲ ಅರ್ಧ ಬೆಲೆಗೆ ಪುಸ್ತಕ ಕೊಂಡಿದ್ದು ಆ ಕಮಾನುಗಳ ಕೆಳಗೇ. ಎರಡೂ ಆಗಸ್ಟ್ ತಿಂಗಳು, ಮಳೆಗಾಲದ ನಡುಮಧ್ಯ.

ಆಮೇಲಿಂದ ಊರು ಎರಡು ಪಾಲಾಗಿದೆ. ಕೆಡವಿ ಅದೇ ಚಹರೆಯಲ್ಲಿ ಹೊಸದಾಗಿ ಕಟ್ಟೋಣ ಅನ್ನುವವರು ಒಂದು ಕಡೆ, ರಿಪೇರಿ ಮಾಡಿ ಉಳಿಸೋಣ ಅನ್ನುವವರು ಇನ್ನೊಂದು ಕಡೆ. ತಜ್ಞರಲ್ಲೂ ಎರಡು ಮಾತು. ಕೋರ್ಟಿನವರೆಗೂ ಹೋಗಿದೆ. ಈ ವಾದದಲ್ಲಿ ನಾನು ಯಾವ ಕಡೆ ಅಂತ ಮುಚ್ಚಿಡುವುದಿಲ್ಲ: ಉಳಿಸುವ ಕಡೆ. ಆದರೆ ಜೀವಕ್ಕೆ ಅಪಾಯ ಇರುವ ಛಾವಣಿಯ ಕೆಳಗೆ ಯಾರನ್ನೂ ಕೂರಿಸಿ "ಪರಂಪರೆ" ಅನ್ನಬಾರದು. ಆ ನಾಲ್ಕು ಜನರ ಮನೆಯವರ ಮುಂದೆ ನಿಂತು ಯಾರಾದರೂ ಕಮಾನಿನ ಅಂದದ ಬಗ್ಗೆ ಮಾತಾಡಲು ಆಗುತ್ತದಾ? ಆಸರೆ ಕೊಡಬೇಕು, ಜನರನ್ನು ಬೇರೆಡೆ ಕೂರಿಸಬೇಕು, ಆಮೇಲೆ ರಿಪೇರಿ ಮಾಡಬೇಕು. ಇದನ್ನು ವರ್ಷಗಟ್ಟಲೆ ತಳ್ಳಿಕೊಂಡು ಬಂದರೆ ಪ್ರತಿ ಮಳೆಗಾಲವೂ ಕೆಡವುವವರ ವಾದಕ್ಕೆ ಬಲ ಕೊಡುತ್ತದೆ. ಕಟ್ಟಡ ಉಳಿಯಬೇಕೋ ಬೇಡವೋ ಅನ್ನುವುದನ್ನು ಹೀಗೆ ಮಳೆಯೇ ತೀರ್ಮಾನ ಮಾಡಿಬಿಡುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಪ್ರಪಂಚದಲ್ಲಿ ಹೊರಬೀಳುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ನಿಂತಿರುವ ಕಟ್ಟಡವನ್ನು ಕೆಡವಿ, ಅದರ ಅವಶೇಷವನ್ನು ಲಾರಿಯಲ್ಲಿ ಸಾಗಿಸಿ ಎಲ್ಲೋ ಕೆರೆ ಅಂಚಿಗೆ ಸುರಿದು, ಅದೇ ಜಾಗದಲ್ಲಿ ಕಾಂಕ್ರೀಟಿನಲ್ಲಿ ಹಳೇದರಂತೆ ಕಾಣುವ ಹೊಸದನ್ನು ಕಟ್ಟುವುದು ಹವಾಮಾನದ ದೃಷ್ಟಿಯಿಂದಲೂ ನಷ್ಟ. ಸುಣ್ಣವನ್ನೂ ಸುಡಲೇಬೇಕು, ನಿಜ. ಆದರೆ ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅದಕ್ಕೇ ಗಾರೆ ಒಣಗಲು ಅಷ್ಟು ದಿನ ಬೇಕು.

ಈ ಊರು ಬದಲಾಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಮೈಸೂರು ಹಿಂದೆಯೂ ಪೆಟ್ಟು ತಿಂದು ಬದಲಾದ ಊರೇ. 1897ರಲ್ಲಿ ಮರದ ಅರಮನೆಗೆ ಬೆಂಕಿ ಬಿತ್ತು. ಅದರಿಂದ ಪಾಠ ಕಲಿತು ಹೊಸ ಅರಮನೆಯನ್ನು ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟಿದರು, 1912ರಲ್ಲಿ ಮುಗಿಯಿತು. ಅದೇ ಕಾಲಕ್ಕೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಕೇರಿಗಳನ್ನು ತೆರೆದರು, 1903ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಮಾಡಿದರು, ಹೊಸ ಬಡಾವಣೆ ಮಾಡಿದರು, ಮನೆಗಳ ಹಿಂದೆ ಕಸ, ಕೊಳೆ ಸಾಗಿಸಲು ಕನ್ಸರ್ವೆನ್ಸಿ ಅನ್ನುವ ಕಿರು ಓಣಿ ಬಿಟ್ಟರು. ಇವತ್ತು ನಾವು "ಮೈಸೂರಿನ ಅಂದ" ಅನ್ನುವ ಅಗಲ ರಸ್ತೆ, ಉದ್ಯಾನ, ವೃತ್ತಗಳಲ್ಲಿ ಬಹಳಷ್ಟು ಆ ಕಷ್ಟದ ದಿನಗಳಲ್ಲಿ ಹುಟ್ಟಿದ್ದು. ಅಂದರೆ ಆಗಿನವರಿಗೆ ಬೆಂಕಿ ಮತ್ತು ರೋಗ. ನಮಗೆ ಬಿಸಿಲು ಮತ್ತು ನೀರು.

ನೀರಿನ ವಿಷಯದಲ್ಲಿ ಹಿಂದಿನವರು ಮಾಡಿದ ಒಂದು ಕೆಲಸ ಮಾತ್ರ ನನ್ನನ್ನು ತುಂಬಾ ಕಾಡುತ್ತದೆ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಬೇಕು ಅಂತ ಒಂದು ಕಾಲುವೆ ತೋಡಿಸಿದ್ದರು. ಅಂದುಕೊಂಡಂತೆ ಕಾವೇರಿ ಬರಲಿಲ್ಲ. ಊರೊಳಗೆ ಹಾದುಹೋಗುತ್ತಿದ್ದ ಆ ದೊಡ್ಡ ನಾಲೆ ಬರಬರುತ್ತಾ ಕೊಳೆ ನೀರಿನ ಹಳ್ಳವಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಊರೊಳಗಿನ ಭಾಗವನ್ನು ಮುಚ್ಚಿ ಅದರ ಮೇಲೆ ರಸ್ತೆ ಮಾಡಿದರು. ಅದೇ ನಮ್ಮ ಸಯ್ಯಾಜಿರಾವ್ ರಸ್ತೆ. ದಸರಾ ಮೆರವಣಿಗೆ ಹೋಗುವ ರಸ್ತೆ, ದೇವರಾಜ ಮಾರುಕಟ್ಟೆ ಇರುವ ರಸ್ತೆ. ಜಂಬೂಸವಾರಿ ದಿನ ಲಕ್ಷಾಂತರ ಜನ ಕೂತು ಕಾಯುವುದು ಒಂದು ಕಾಲದ ನಾಲೆಯ ಮೇಲೆ. ಆಗ ಅದನ್ನು ಮುಚ್ಚಿದ್ದು ತಪ್ಪು ಅಂತ ನಾನು ಹೇಳಲಾರೆ. ಸೊಳ್ಳೆ, ಕಾಯಿಲೆ, ದುರ್ವಾಸನೆ, ಅವರ ಕಷ್ಟ ಅವರಿಗೆ. ಆದರೆ ನೀರಿಗೆ ಈ ಇತಿಹಾಸ ಗೊತ್ತಿಲ್ಲ. ಎತ್ತರದಿಂದ ತಗ್ಗಿಗೆ ಹರಿಯುವುದಷ್ಟೇ ಅದಕ್ಕೆ ಗೊತ್ತು. ಜೋರು ಮಳೆ ಬಂದಾಗ ಹಳೇ ಊರಿನಲ್ಲಿ ಎಲ್ಲೆಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ ಅಂತ ಒಂದು ದಿನ ಛತ್ರಿ ಹಿಡಿದು ನಡೆದು ನೋಡಿ. ಹಳೇ ನಕ್ಷೆ ಇಲ್ಲದೆಯೂ ತಗ್ಗು ಎಲ್ಲಿತ್ತು ಅಂತ ಗೊತ್ತಾಗುತ್ತದೆ.

ಊರಿನ ಹೆಸರುಗಳಲ್ಲೇ ಇದೆಲ್ಲ ಬರೆದಿದೆ. ನಮ್ಮ ಮನೆಯಿಂದ ಸ್ವಲ್ಪ ದೂರಕ್ಕೆ ಸುಬ್ಬರಾಯನಕೆರೆ. 1947ರಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ನಡೆದ ಮೈಸೂರು ಚಲೋ ಚಳವಳಿಯವರು ಸೇರುತ್ತಿದ್ದ ಜಾಗ, ಈಗ ಸ್ವಾತಂತ್ರ್ಯ ಹೋರಾಟಗಾರರ ಉದ್ಯಾನ. ಕೆರೆ ಇಲ್ಲ. ದಸರಾ ವಸ್ತುಪ್ರದರ್ಶನ ನಡೆಯುವುದು ದೊಡ್ಡಕೆರೆ ಮೈದಾನದಲ್ಲಿ. ಅಲ್ಲೂ ಕೆರೆ ಇಲ್ಲ, ಚಾಮುಂಡಿ ಬೆಟ್ಟದ ಕಡೆಯಿಂದ ಇಳಿಯುವ ನೀರು ಮಾತ್ರ ಈಗಲೂ ಇಳಿಯುತ್ತಲೇ ಇದೆ. ಜೀವನರಾಯನಕಟ್ಟೆ ಈಗ ಆಟದ ಮೈದಾನ. ಊರಿನ ಅಂಚಿನ ಕುಕ್ಕರಹಳ್ಳಿ ಕೆರೆ ಮತ್ತು ಕಾರಂಜಿ ಕೆರೆ ಉಳಿದಿವೆ, ಪುಣ್ಯ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಬೆಳಗಿನ ವಾಕಿಂಗ್‌ಗೆ ಹೋಗುವವರಿಗೆಲ್ಲ ಅದು ಗೊತ್ತು. ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಮಾತ್ರ ನಮ್ಮಲ್ಲಿ ತುಂಬಾ ಕಡಿಮೆ ಜನರಿಗೆ ಗೊತ್ತು.

ಮುಚ್ಚಿದ ಕೆರೆಯನ್ನು ಮತ್ತೆ ತೋಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿದು ಹಳೇ ಊರೆಲ್ಲ ನೀರಲ್ಲಿ ನಿಂತಿತು. ಅವರು ಚರಂಡಿ ಅಗಲ ಮಾಡುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಎಂಘಾವೆಪಾರ್ಕೆನ್ ಅನ್ನುವ ಹಳೇ ಉದ್ಯಾನದಲ್ಲಿ ಆಟದ ಅಂಗಣವನ್ನು ತಗ್ಗು ಮಾಡಿ, ಸುತ್ತ ಕಟ್ಟೆ ಕಟ್ಟಿ, ಹುಚ್ಚು ಮಳೆ ಬಂದ ದಿನ ನೀರು ಅಲ್ಲಿ ಬಂದು ಕೆಲವು ಗಂಟೆ ನಿಂತು ನಿಧಾನವಾಗಿ ಹೋಗುವಂತೆ ಮಾಡಿದರು. ಉಳಿದ ದಿನ ಮಕ್ಕಳು ಆಡುತ್ತಾರೆ, ಜನ ಕೂರುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಜೀವನರಾಯನಕಟ್ಟೆ. ಹೆಸರಲ್ಲೇ ಕಟ್ಟೆ ಇದೆ, ಸುತ್ತ ಮನೆ ಕಟ್ಟಿಲ್ಲ, ಇನ್ನೂ ಬಯಲಾಗಿದೆ. ದೊಡ್ಡಕೆರೆ ಮೈದಾನದಲ್ಲಂತೂ ವಸ್ತುಪ್ರದರ್ಶನ ಇಲ್ಲದ ತಿಂಗಳುಗಳಲ್ಲಿ ಎಷ್ಟು ಜಾಗ! ಅದಕ್ಕೆಲ್ಲ ಕಾಂಕ್ರೀಟ್ ಹಾಕಿ, ಪೇವರ್ ಬ್ಲಾಕ್ ಜೋಡಿಸಿ ಮುಗಿಸುವ ಮುಂಚೆ ಒಂದು ಸಲ ಈ ದೃಷ್ಟಿಯಿಂದ ನೋಡಬಹುದಲ್ವಾ?

ಬಿಸಿಲಿನ ಬಗ್ಗೆಯೂ ಹೇಳಬೇಕು. ನಮ್ಮ ಮನೆಯಲ್ಲಿ ನಾವು ಮಾಡಿದ ಎರಡನೇ ತಪ್ಪು ಅಲ್ಲೇ. ಕೋತಿ ಕಾಟ, ಧೂಳು, ಕಳ್ಳರ ಭಯ ಅಂತ ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಶೀಟ್ ಹಾಕಿಸಿಬಿಟ್ಟೆವು. ಬೀದಿಯಲ್ಲಿ ಎಲ್ಲರೂ ಹಾಕಿಸಿದ್ದರು. ಬೆಳಕು ಬರುತ್ತಿತ್ತು, ಮಳೆ ಬರುತ್ತಿರಲಿಲ್ಲ, ಅಮ್ಮನಿಗೆ ನೆಲ ಒರೆಸುವ ಕೆಲಸ ತಪ್ಪಿತು. ಬೇಸಿಗೆ ಬಂದಾಗ ಮನೆ ಬೆಂದುಹೋಯಿತು. ತೊಟ್ಟಿಯ ಕೆಲಸವೇ ಬಿಸಿ ಗಾಳಿಯನ್ನು ಮೇಲಕ್ಕೆ ಕಳಿಸುವುದು. ರಾತ್ರಿ ತಂಪು ಗಾಳಿ ಅದರೊಳಗೆ ಇಳಿದು ಸುತ್ತಲ ಪಡಸಾಲೆಗೆ ಹೋಗುತ್ತದೆ. ಮುಚ್ಚಳ ಹಾಕಿದ ಮೇಲೆ ಇಡ್ಲಿ ಪಾತ್ರೆಯಂತೆ ಆಯಿತು. 2024ರ ಏಪ್ರಿಲ್‌ನಲ್ಲಿ ಅಮ್ಮನಿಗೆ ಎರಡು ದಿನ ತಲೆಸುತ್ತು ಬಂತು. ಡಾಕ್ಟರು ನೀರು ಜಾಸ್ತಿ ಕುಡಿಯಿರಿ, ತಂಪಾದ ಜಾಗದಲ್ಲಿರಿ ಅಂದರು. ಹತ್ತಾರು ವರ್ಷ ತಂಪಾಗಿದ್ದ ಮನೆಯನ್ನು ನಾವೇ ಬಿಸಿ ಮಾಡಿದ್ದೆವು. ಆ ವಾರವೇ ಶೀಟ್ ತೆಗೆಸಿದೆ. ಈಗ ಕಬ್ಬಿಣದ ಜಾಲರಿ ಇದೆ. ಕೋತಿ ಮೇಲೆ ಕೂರುತ್ತದೆ, ಒಳಗೆ ಬರಲಾಗುವುದಿಲ್ಲ. ಮಳೆ ಬರುತ್ತದೆ, ಅಮ್ಮ ಗೊಣಗಿಕೊಂಡು ನೆಲ ಒರೆಸುತ್ತಾರೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಅಹಮದಾಬಾದಿನ ಹಳೇ ಊರಿನಲ್ಲಿ, ಪೋಳ್ ಅಂತ ಕರೆಯುವ ಕೇರಿಗಳಲ್ಲಿ, ಮನೆಯ ಅಂಗಳದ ಕೆಳಗೇ ಮಳೆ ನೀರಿನ ತೊಟ್ಟಿ ಇರುತ್ತದೆ. ಟಾಂಕಾ ಅನ್ನುತ್ತಾರೆ. ತಾರಸಿಯ ನೀರು ಅದಕ್ಕೆ ಇಳಿಯುತ್ತದೆ. ಅದೇ ಊರಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತಮೇಲೆ 2013ರಲ್ಲಿ ಬಿಸಿಲಿಗೇ ಅಂತ ಒಂದು ಯೋಜನೆ ಮಾಡಿದರು. ಮುಂಚಿತವಾಗಿ ಎಚ್ಚರಿಕೆ ಕೊಡುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರು. ಆಮೇಲೆ ಬಡವರ ಮನೆಗಳ ಛಾವಣಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಸೇರಿತು. ಬಿಳಿ ಛಾವಣಿ! ಯುಗಾದಿಗೆ ಮುಂಚೆ ಸುಣ್ಣ ಬಳಿಯುವುದು ನಮಗೆ ಹೊಸದಾ? ಗೋಡೆಗೆ ಬಳಿದು ಉಳಿದದ್ದನ್ನು ನಮ್ಮ ಅಜ್ಜಿ ತಾರಸಿಗೆ ಸುರಿಸಿ ಪೊರಕೆಯಲ್ಲಿ ಎಳೆಸುತ್ತಿದ್ದರು. ಬಿಸಿಲಿಗೆ ಅಂತ ಅವರು ಯಾವತ್ತೂ ಹೇಳಲಿಲ್ಲ, ಸುಣ್ಣ ದಂಡ ಆಗಬಾರದು ಅಂತಷ್ಟೇ ಹೇಳುತ್ತಿದ್ದರು.

ಮಾರ್ಕೆಟ್ಟಿನಲ್ಲಿ ಬಿಸಿಲಿನ ಕಷ್ಟ ಬೇರೆ ತರ. ಸುತ್ತಲಿನ ಅಂಗಡಿ ಸಾಲಿಗೆ ದಪ್ಪ ಗೋಡೆ, ಎತ್ತರದ ಛಾವಣಿ ಇದೆ. ನಡುವಿನ ಓಣಿಗಳಲ್ಲಿ ಬುಟ್ಟಿ ಇಟ್ಟು ಕೂರುವವರಿಗೆ ತಲೆಯ ಮೇಲೆ ನೀಲಿ ಟಾರ್ಪಾಲು, ಇಲ್ಲವೇ ತಗಡು. ಮಧ್ಯಾಹ್ನ ಎರಡಕ್ಕೆ ಅಲ್ಲಿ ಹೋದರೆ ತಲೆಗೆ ಕೆಂಡ ಸುರಿದ ಹಾಗೆ. ಹೂವಿನವರು ನೀರು ಚಿಮುಕಿಸಿ ಚಿಮುಕಿಸಿ ಸಾಕಾಗಿರುತ್ತಾರೆ. ಮಲ್ಲಿಗೆ ಸಂಜೆಯವರೆಗೆ ತಡೆಯುವುದಿಲ್ಲ, ಎಲೆಯ ಪಿಂಡಿ ಬಾಡುತ್ತದೆ, ಆ ನಷ್ಟ ಆ ಹೆಂಗಸಿನದ್ದೇ. ನಾನು ಯಾವಾಗಲೂ ಹೂ ಕೊಳ್ಳುವವರು ಒಂದು ದಿನ ಹೇಳಿದರು, "ಮುಂಚೆ ಮಳೆಗೆ ಮಾತ್ರ ಹೆದರ್ತಿದ್ವಿ ಕಣಮ್ಮ, ಈಗ ಎರಡಕ್ಕೂ ಹೆದರಬೇಕು." ಹಳೇ ಮಾರುಕಟ್ಟೆಯ ಬಗ್ಗೆ ನಡೆದ ಸಭೆಗಳಲ್ಲಿ ಕಮಾನು, ಗೋಪುರ, ಬಣ್ಣ ಎಲ್ಲ ಚರ್ಚೆಗೆ ಬರುತ್ತವೆ. ಈ ಟಾರ್ಪಾಲಿನ ಬದಲು ಅವರ ತಲೆ ಮೇಲೆ ಏನಿರಬೇಕು, ಗಾಳಿ ಹೇಗೆ ಆಡಬೇಕು, ಮಳೆ ನೀರು ಬುಟ್ಟಿಯ ಕೆಳಗೆ ಹರಿಯದ ಹಾಗೆ ಕಲ್ಲು ಹೇಗೆ ಹಾಸಬೇಕು ಅನ್ನುವುದೇ ನನಗೆ ಮೊದಲ ಪ್ರಶ್ನೆ.

ಸಾಮಾನ್ಯ ಮನೆಗಳ ಪಾಡು ಇನ್ನೂ ಕಷ್ಟ. ಅರಮನೆಗೆ ಬರುವಷ್ಟು ಜನರ ಗಮನ ನಮ್ಮ ಬೀದಿಗೆ ಬರುವುದಿಲ್ಲ. ಒಂದು ಮನೆಗೆ ಎಂಟು ಜನ ಪಾಲುದಾರರು, ಇಬ್ಬರು ಅಮೆರಿಕದಲ್ಲಿ, ಒಬ್ಬರು ಮಾತಾಡುವುದಿಲ್ಲ, ಒಳಗೆ ಹಳೇ ಬಾಡಿಗೆಯವರು ನೂರಿನ್ನೂರು ರೂಪಾಯಿ ಬಾಡಿಗೆ ಕೊಟ್ಟುಕೊಂಡು ಇದ್ದಾರೆ, ಹೆಂಚು ಜಾರಿದರೆ ಯಾರು ಹಾಕಿಸಬೇಕು ಅನ್ನುವುದಕ್ಕೇ ಮೂರು ಮಳೆಗಾಲ ಕಳೆಯುತ್ತದೆ. ಮೊದಲು ಒಂದು ಹೆಂಚು. ಆಮೇಲೆ ಹೆಂಚು ಕೂರುವ ರೀಪರು. ಆಮೇಲೆ ಜಂತೆ. ಆಮೇಲೆ ಗೋಡೆ. ನೂರು ರೂಪಾಯಿಯ ಹೆಂಚು ಹಾಕದೆ ಇದ್ದದ್ದಕ್ಕೆ ಒಂದು ಮನೆ ಹೋದದ್ದನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡ, ಗೋಡೆಯಿಂದ ಗೋಡೆಗೆ, ಒಂದು ಅಡಿ ಮಣ್ಣಿಲ್ಲ. ಅದರ ಮೇಲೆ ಬಿದ್ದ ಮಳೆಯೆಲ್ಲ ನೇರ ಬೀದಿಗೆ, ಬೀದಿಯಿಂದ ತಗ್ಗಿನಲ್ಲಿರುವ ನಮ್ಮ ಜಗುಲಿಗೆ.

ನಾನು ಒಂದು ಕಚೇರಿಗೆ ಹೋಗಿ, ಹಳೇ ಮನೆಯನ್ನು ಗಾರೆಯಲ್ಲೇ ರಿಪೇರಿ ಮಾಡಿಸಲು ಏನಾದರೂ ನೆರವು ಇದೆಯಾ ಅಂತ ಕೇಳಿದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದರು. ಮುಂಭಾಗ ಬದಲಿಸಬೇಡಿ ಅಂದರು. ಸರಿ, ಬದಲಿಸುವುದಿಲ್ಲ. ತಾರಸಿ? ತೊಟ್ಟಿ? ಬಾವಿ? ಅದರ ಬಗ್ಗೆ ಅವರ ಬಳಿ ಏನೂ ಇರಲಿಲ್ಲ. ಆದರೆ ಮನೆ ನಿಲ್ಲುವುದೂ ಬೀಳುವುದೂ ತಾರಸಿಯಿಂದ, ಮನೆಯವರು ಬಿಸಿಲಲ್ಲಿ ಬದುಕುವುದು ತೊಟ್ಟಿಯಿಂದ, ಬೀದಿಯ ನೀರು ಕಡಿಮೆಯಾಗುವುದು ಹಿತ್ತಲಿನ ಬಾವಿಯಿಂದ. ಬೀದಿಗೆ ಕಾಣುವ ಮುಖವೊಂದನ್ನೇ ಕಾಪಾಡಿದರೆ ಸಿನಿಮಾ ಸೆಟ್ ಉಳಿಯುತ್ತದೆ, ಊರು ಉಳಿಯುವುದಿಲ್ಲ.

ಕೊನೆಗೆ ನಮ್ಮ ಮನೆಗೆ ಏನು ಮಾಡಿದೆವು ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಮೇಸ್ತ್ರಿ ಮೊದಲು ಮಾಡಿಸಿದ್ದು ಸಿಮೆಂಟ್ ಕೀಳುವ ಕೆಲಸ. ಉಳಿ ಸುತ್ತಿಗೆಯಲ್ಲಿ, ನಿಧಾನವಾಗಿ, ಹದಿನೈದು ದಿನ. ಮಷಿನ್ ಬೇಡವೇ ಬೇಡ ಅಂದರು, ಅದುರಿದರೆ ಗೋಡೆ ಸಡಿಲ ಆಗುತ್ತದೆ ಅಂತ. ಆಮೇಲೆ ಗೋಡೆಯನ್ನು ಹಾಗೇ ಬಿಡಿ ಅಂದರು. ಒಂದು ಇಡೀ ಬೇಸಿಗೆ ನಮ್ಮ ನಡುಮನೆ ಮೈಯೆಲ್ಲ ಗಾಯವಾದ ಹಾಗೆ ಬರೀ ಇಟ್ಟಿಗೆ ಬಿಟ್ಟುಕೊಂಡು ನಿಂತಿತ್ತು, ಬಂದ ನೆಂಟರೆಲ್ಲ ಕೇಳುವವರೇ. ಒಣಗಿದ ಮೇಲೆ ಮೆತ್ತಗಾದ ಜಂತೆಯ ತುದಿಗಳನ್ನಷ್ಟೇ ಕತ್ತರಿಸಿ, ಹಳೇ ತೇಗದ ತುಂಡು ಹುಡುಕಿ ತಂದು ಬೆಸೆದರು. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಸಿದರು. ತಾರಸಿಯ ಗಾರೆಗೆ ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು. ಮನೆಯೆಲ್ಲ ವಾಸನೆ. ತಾರಸಿಗೆ ಇಳಿಜಾರು ಸರಿ ಮಾಡಿದರು, ಮಳೆ ನೀರು ಇಳಿಯಲು ಒಂದೇ ಇದ್ದ ದೋಣಿಕೊಳವೆಯ ಜೊತೆಗೆ ಇನ್ನೆರಡು ಇಟ್ಟರು. "ಈಗಿನ ಮಳೆಗೆ ಒಂದು ಸಾಲಲ್ಲಕ್ಕ" ಅಂದರು. ಈ ಒಂದು ಮಾತು ನನಗೆ ತುಂಬಾ ಮುಖ್ಯ ಅನ್ನಿಸಿತು. ಹಳೇ ಕ್ರಮ ಗೊತ್ತಿರುವ ಮನುಷ್ಯನೇ ಹಳೇ ಲೆಕ್ಕ ಈಗ ಸಾಲದು ಅಂತ ಅಳೆದು ಹೇಳಿದ್ದು. ಎರಡು ಕೊಳವೆಯ ನೀರು ಈಗ ಹಿತ್ತಲಿನ ಬಾವಿಗೆ ಹೋಗುತ್ತದೆ. ಕಸ ಹಾಕಿ ಮುಚ್ಚಿದ್ದ ಬಾವಿ, ಹೂಳು ತೆಗೆಸಿದೆವು.

ಖರ್ಚು ಸಿಮೆಂಟಿಗಿಂತ ಜಾಸ್ತಿಯೇ ಆಯಿತು, ಸಮಯ ಅದಕ್ಕಿಂತ ಜಾಸ್ತಿ. ಎಲ್ಲರಿಗೂ ಇದು ಆಗುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಇದು ಒಬ್ಬೊಬ್ಬರ ಮನೆಯ ವಿಷಯವಾಗಿ ಉಳಿಯಬಾರದು. ನಮ್ಮ ಊರಿಗೆ ಒಂದು ಸುಣ್ಣದ ಅಂಗಳ ಬೇಕು, ಅಂದರೆ ನೆನೆದ ಸುಣ್ಣ, ಅರೆದ ಗಾರೆ ನ್ಯಾಯವಾದ ಬೆಲೆಗೆ ಸಿಗುವ ಜಾಗ. ಪ್ರತಿ ಮನೆಯವರೂ ಬೀದಿಯಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಲು ಆಗುವುದಿಲ್ಲ. ಅಲ್ಲೇ ಹುಡುಗರು ಕೆಲಸ ಕಲಿಯಬಹುದು. ನಮ್ಮ ಮೇಸ್ತ್ರಿಯ ಮಗ ಟೈಲ್ಸ್ ಕೆಲಸಕ್ಕೆ ಹೋಗುತ್ತಾನೆ, ಅದರಲ್ಲಿ ದಿನಗೂಲಿ ನಿಶ್ಚಿತ. ಗಾರೆ ಕೆಲಸದಲ್ಲೂ ವರ್ಷವಿಡೀ ಕೂಲಿ ಸಿಗುತ್ತದೆ ಅಂತಾದರೆ ಅವನೂ ಬರುತ್ತಾನೆ. ದೊಡ್ಡ ಯೋಜನೆಗಳಿಗೆ ಕೋಟಿಗಟ್ಟಲೆ ಇಡುವ ಕಡೆ, ಪ್ರತಿ ಮೇ ತಿಂಗಳು ಹಳೇ ಊರಿನ ಮನೆಮನೆಯ ತಾರಸಿ ಹತ್ತಿ ಕೊಳವೆ ಕಟ್ಟಿಕೊಂಡಿದೆಯಾ, ಅರಳಿ ಸಸಿ ಬೇರು ಬಿಟ್ಟಿದೆಯಾ, ಹೆಂಚು ಜಾರಿದೆಯಾ ಅಂತ ನೋಡುವ ನಾಲ್ಕು ಜನರ ಒಂದು ತಂಡಕ್ಕೆ ಸಂಬಳ ಇಡಲಿ.

ಹೋದ ಮಳೆಗಾಲ ರಾತ್ರಿ ಎದ್ದು ಹೋಗಿ ನಡುಮನೆ ಗೋಡೆ ಮುಟ್ಟಿದೆ. ಸ್ವಲ್ಪ ತಂಪು. ಕೈಗೆ ಒದ್ದೆ ಹತ್ತಲಿಲ್ಲ. ಹಿತ್ತಲಲ್ಲಿ ಬಾವಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

ಈ ವರ್ಷ ಹಿಂದಿನ ಕೋಣೆಯ ಗೋಡೆ ಬಾಕಿ ಇದೆ. ಮೇಸ್ತ್ರಿಗೆ ಮೊಣಕಾಲು ನೋವು, ಯುಗಾದಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ, ಇಬ್ಬರು ಹುಡುಗರನ್ನು ಕರೆದುಕೊಂಡು ಬರುತ್ತಾರಂತೆ. ಗಾರೆ ಅರೆಯುವ ಹಳೇ ಗಾಣದ ಕಲ್ಲು ಎಲ್ಲಾದರೂ ಇದ್ದರೆ ನೋಡಿ ಅಂದಿದ್ದಾರೆ. ಹಳೇ ಮೈಸೂರಿನಲ್ಲಿ ಯಾರ ಹಿತ್ತಲ್ಲಾದರೂ ಅಂಥ ಕಲ್ಲು ಸುಮ್ನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ನಾನೇ ಗಾಡಿ ತಂದು ತೆಗೆದುಕೊಂಡು ಹೋಗುತ್ತೇನೆ, ಕೆಲಸ ಮುಗಿದ ಮೇಲೆ ಬೇಕಾದವರ ಮನೆಗೆ ಕಳಿಸುತ್ತೇನೆ.